ಗಾಡಿಯ ಡ್ರಾಯರ್‌ಗೆ ಯಾವ ಲಾಕ್? ಆರು ಬಗೆ ಹಾಕಿ ನೋಡಿದ ಮೇಲೆ

ಮುಳಬಾಗಿಲು ಕಡೆಯ ಒಂದು ತೋಟದ ಮುಂದೆ ಗಾಡಿ ನಿಲ್ಲಿಸಿ ಎಡಗಡೆಯ ಸ್ಲೈಡಿಂಗ್ ಬಾಗಿಲು ಎಳೆದೆ. ಬರಲಿಲ್ಲ. ಕಾಲು ಕೊಟ್ಟು ಎಳೆದರೂ ಬರಲಿಲ್ಲ. ಹೈವೇಯಿಂದ ಬಲಕ್ಕೆ ತಿರುಗುವಾಗ ಒಳಗೆ ಧಡ್ ಅಂದದ್ದು ಕೇಳಿಸಿತ್ತು, ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಮೇಲಿನ ಡ್ರಾಯರ್ ಪೂರ್ತಿ ಹೊರಗೆ ಬಂದು, ಅದರ ಹಿಡಿ ಬಾಗಿಲಿನ ಒಳಗಿನ ಗುಳಿಯಲ್ಲಿ ಸಿಕ್ಕಿಕೊಂಡಿತ್ತು. ಕೊನೆಗೆ ಹಿಂದಿನ ಬಾಗಿಲು ಎತ್ತಿ, ಕ್ಲ್ಯಾಂಪುಗಳ ಮೇಲೆ ಹೊಟ್ಟೆ ಹಾಕಿ ತೆವಳಿಕೊಂಡು ಹೋಗಿ ಡ್ರಾಯರ್ ಒಳಗೆ ತಳ್ಳಿದೆ. ಮೋಟರ್ ಸುಟ್ಟ ಸಂಕಟದಲ್ಲಿ ನಿಂತಿದ್ದ ರೈತ ಇದನ್ನೆಲ್ಲ ನೋಡಿ, "ಏನಣ್ಣಾ, ನಿನ್ ಗಾಡಿ ಬಾಗ್ಲೇ ತೆಗ್ಯಾಕಾಗ್ತಿಲ್ಲ, ನಮ್ ಮೋಟ್ರು ಎಂಗೆ ಎತ್ತೀಯಾ?" ಅಂದ.

ಕೋಲಾರದಲ್ಲಿ ನನ್ನದು ಬೋರ್‌ವೆಲ್ ಮೋಟರ್, ಸ್ಟಾರ್ಟರ್ ರಿಪೇರಿ ಕೆಲಸ. ಗಾಡಿ ಮಾರುತಿ ಈಕೋ ಕಾರ್ಗೋ ವ್ಯಾನ್. ಒಳಗೆ 18 ಎಂಎಂ ಪ್ಲೈವುಡ್ಡಿನ ಕಪಾಟು. ಎಡಗಡೆಯ ಬಾಗಿಲಿಗೆ ಮುಖ ಮಾಡಿ ನಾಲ್ಕು ಸಣ್ಣ ಡ್ರಾಯರ್: ಕಾಂಟ್ಯಾಕ್ಟರ್, ರಿಲೇ, ಕೆಪಾಸಿಟರ್, ಕೇಬಲ್ ಜಾಯಿಂಟ್ ಸಾಮಾನು. ಹಿಂದಿನ ಬಾಗಿಲಿಗೆ ಮುಖ ಮಾಡಿ ಎರಡು ಉದ್ದನೆಯವು: ಚೈನ್ ಪುಲ್ಲಿ, ಪೈಪ್ ರೆಂಚು, ಕ್ಲ್ಯಾಂಪು. ಸಣ್ಣದು ತುಂಬಿದರೆ ಒಂದೊಂದು 12 ಕೆಜಿ, ದೊಡ್ಡದು 40 ಕೆಜಿ.

ಲಾಕ್ ಅಂದ ಕೂಡಲೇ ಎಲ್ಲರಿಗೂ ಕಳ್ಳನ ನೆನಪು. ಗಾಡಿಯೊಳಗೆ ಕಳ್ಳ ಎರಡನೆಯವನು, ಮೊದಲನೆಯವನು ತಿರುವು. ಡ್ರಾಯರ್ ಯಾವ ಕಡೆ ಮುಖ ಮಾಡಿದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಎಡಕ್ಕೆ ತೆರೆಯುವ ಡ್ರಾಯರ್ ಬಲ ತಿರುವಿನಲ್ಲಿ ಹೊರಗೆ ಬರುತ್ತದೆ. ಹಿಂದಕ್ಕೆ ತೆರೆಯುವುದು ಏರು ಹತ್ತುವಾಗ, ಗಾಡಿ ಜೋರಾಗಿ ಮುಂದಕ್ಕೆ ಎಳೆದಾಗ ಬರುತ್ತದೆ. ಯಾರಾದರೂ ಡ್ರೈವರ್ ಸೀಟಿನ ಕಡೆಗೆ ಮುಖ ಮಾಡಿ ಇಟ್ಟಿದ್ದರೆ, ಬ್ರೇಕ್ ಒತ್ತಿದಾಗ ಅವರ ಬೆನ್ನಿಗೇ ಬರುತ್ತದೆ. ಒಣ ರಸ್ತೆಯಲ್ಲಿ ಪೂರ್ತಿ ಬ್ರೇಕ್ ಒತ್ತಿದರೆ ತೂಕದ ಮುಕ್ಕಾಲು ಪಾಲಿನಷ್ಟು ಜೋರು ಮುಂದಕ್ಕೆ ತಳ್ಳುತ್ತದೆ, 12 ಕೆಜಿ ಡ್ರಾಯರ್ 9 ಕೆಜಿಯ ಹಾಗೆ. ಸ್ವಲ್ಪ ವೇಗವಾಗಿ ತಿರುಗಿಸಿದರೆ ಅದೇ ಡ್ರಾಯರ್ 4-5 ಕೆಜಿಯಷ್ಟು ಎಳೆಯುತ್ತದೆ. ಈ ಲೆಕ್ಕ ನನಗೆ ಮೊದಲೇ ಗೊತ್ತಿದ್ದರೆ ಹೊಟ್ಟೆಯ ಮೇಲೆ ತೆವಳುವುದು ತಪ್ಪುತ್ತಿತ್ತು.

ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ಮೂಟೆ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ ಮನೆಯಲ್ಲೇ ಇತ್ತು, 50 ಕೆಜಿಯದು. ಡ್ರಾಯರ್ ಹಿಡಿಗೆ ಕೊಕ್ಕೆ ಹಾಕಿ ನೇರಕ್ಕೆ ಎಳೆಯುವುದು, ಎಷ್ಟರಲ್ಲಿ ಬಿಟ್ಟುಕೊಳ್ಳುತ್ತದೆ ನೋಡುವುದು, ಅಷ್ಟೆ.

ಆ ದಿನ ಗಾಡಿಯಲ್ಲಿದ್ದದ್ದು ಸಾಮಾನ್ಯ ಟೆಲಿಸ್ಕೋಪಿಕ್ ಚಾನೆಲ್ (ಡ್ರಾಯರ್ ಜಾರುವ ಲೋಹದ ಹಳಿ), ಜೊತೆಗೆ ಮ್ಯಾಗ್ನೆಟ್ ಕ್ಯಾಚ್. ತಕ್ಕಡಿಯಲ್ಲಿ ಮ್ಯಾಗ್ನೆಟ್ 4 ಕೆಜಿಗೆ ಬಿಟ್ಟಿತು. ಎರಡು ಮ್ಯಾಗ್ನೆಟ್ ಹಾಕಿದರೆ 8 ಬರಬೇಕಲ್ಲ ಅಂದುಕೊಂಡು ಹಾಕಿದೆ, 6ಕ್ಕೇ ಬಿಟ್ಟಿತು. ತಗಡು ಕೂದಲೆಳೆಯಷ್ಟು ಓರೆಯಾಗಿದ್ದರೂ ಹಿಡಿತ ಹೋಗುತ್ತದೆ. ಮೇಲಿಂದ ಕಬ್ಬಿಣದ ಹುಡಿ ಅಂಟಿಕೊಳ್ಳುತ್ತದೆ, ನಮ್ಮ ಕೆಲಸದಲ್ಲಿ ಅದಕ್ಕೆ ಬರವಿಲ್ಲ.

ಆಚಾರಿ ಕೊಟ್ಟ ಮುಂದಿನ ಸಲಹೆ ಸಾಫ್ಟ್ ಕ್ಲೋಸ್ ಚಾನೆಲ್. "ತಾನೇ ಒಳಕ್ಕೆ ಎಳ್ಕೊಳ್ತದಣ್ಣಾ, ಲಾಕೇ ಬೇಡ" ಅಂದ. ಎಳೆದುಕೊಳ್ಳುವುದು ನಿಜ, ಆದರೆ ಕೊನೆಯ ಒಂದೆರಡು ಇಂಚು ಮಾತ್ರ, ಅದೂ ಮೆಲ್ಲಗೆ. ತಕ್ಕಡಿಯಲ್ಲಿ 3 ಕೆಜಿಯೂ ತೋರಿಸಲಿಲ್ಲ. ಮೊದಲ ಹಂಪಿನಲ್ಲೇ ಬಾಯಿ ಬಿಟ್ಟಿತು. ಆ ಚಾನೆಲ್‌ಗಳು ಈಗ ನಮ್ಮ ಮನೆಯ ಅಡುಗೆಮನೆಯಲ್ಲಿವೆ, ಮನೆಯಾಕೆಗೆ ಬಲು ಖುಷಿ. ಇದಕ್ಕಿಂತ ಅಪಾಯ ಇನ್ನೊಂದಿದೆ: ಒತ್ತಿದರೆ ತೆರೆಯುವ ಪುಷ್ ಟು ಓಪನ್ ಚಾನೆಲ್. ಹಂಪು ಹಾರಿದರೆ ಗಾಡಿಯೇ ಅದನ್ನು ಒತ್ತುತ್ತದೆ. ಅದನ್ನು ನಾನು ಕೊಳ್ಳಲೇ ಇಲ್ಲ.

ಮೂರನೆಯದು ಆಫೀಸ್ ಮೇಜಿನ ಕೀಲಿ ಲಾಕ್. ಕೀಲಿ ತಿರುಗಿಸಿದರೆ ನಾಲಿಗೆ ಮೇಲಕ್ಕೆದ್ದು ಪಟ್ಟಿಯ ತೋಡಿಗೆ ಕೂರುತ್ತದೆ. ಹಿಡಿತದಲ್ಲಿ ತಕರಾರಿಲ್ಲ, 20 ಕೆಜಿವರೆಗೆ ಎಳೆದೆ, ಜಗ್ಗಲಿಲ್ಲ. ತಕರಾರು ಮನುಷ್ಯನದು. ದಿನಕ್ಕೆ ಐದಾರು ತೋಟ, ನಾಲ್ಕು ಡ್ರಾಯರ್, ಪ್ರತಿಸಲ ಗ್ರೀಸ್ ಕೈಯಲ್ಲಿ ಕೀಲಿ ತಿರುಗಿಸುವುದು. ವಾರದೊಳಗೆ ನಾನೂ ನನ್ನ ಕೈಕೆಳಗಿನ ಹುಡುಗನೂ ಕೀಲಿಯನ್ನು ಅದರಲ್ಲೇ ಬಿಡಲು ಶುರು ಮಾಡಿದೆವು. ಒಂದು ದಿನ ಅವನ ಮೊಣಕಾಲು ತಾಗಿ ಕೀಲಿ ಒಳಗೇ ಮುರಿಯಿತು. ಇನ್ನೊಂದು ತೊಂದರೆ ಕಣ್ಣಿಗೆ ಬಿದ್ದದ್ದು ತಿಂಗಳ ಮೇಲೆ: ಬರೀ ಪ್ಲೈವುಡ್ಡಿನಲ್ಲಿ ಕೊರೆದಿದ್ದ ನಾಲಿಗೆಯ ತೋಡು ಅದುರಿ ಅದುರಿ ಅಗಲವಾಗಿ, ಡ್ರಾಯರ್ ಅರ್ಧ ಇಂಚು ಹಿಂದೆ ಮುಂದೆ ಆಡುತ್ತಿತ್ತು. ಅಲ್ಲಿಗೆ ಲೋಹದ ತಗಡು ಕೂರಿಸದೆ ಈ ಲಾಕ್ ಹಾಕಿಸಬೇಡಿ.

ನಾಲ್ಕನೆಯದಕ್ಕೆ ಯಾರೂ ಮರ್ಯಾದೆ ಕೊಡುವುದಿಲ್ಲ. ಟವರ್ ಬೋಲ್ಟ್, ಕಿಟಕಿಗೆ ಹಾಕುವ ನಾಲ್ಕಿಂಚಿನ ಚಿಲಕ. ನಾನು ಕೊಟ್ಟದ್ದು ಐವತ್ತು ರೂಪಾಯಿ. ಡ್ರಾಯರ್ ಮುಖಕ್ಕೆ ನಿಲುವಾಗಿ ಹೊಡೆದು, ಸರಳು ಕೆಳಗಿನ ಪಟ್ಟಿಯ ತೂತಿಗೆ ಇಳಿಯುವಂತೆ ಮಾಡಬೇಕು. ಮೇಲಕ್ಕೆ ಏರುವಂತೆ ಹಾಕಿದರೆ ಕೆಟ್ಟಿತು. ಆಚಾರಿ ಮೊದಲು ಹಾಗೇ ಹಾಕಿದ್ದ, ಶ್ರೀನಿವಾಸಪುರ ಮುಟ್ಟುವಷ್ಟರಲ್ಲಿ ಅದುರಿ ಸರಳು ಕೆಳಗಿಳಿದು ಡ್ರಾಯರ್ ಹೊರಗಿತ್ತು. ಕೆಳಮುಖ ಮಾಡಿದ ಮೇಲೆ ಅದೇ ಅದುರು ಸರಳನ್ನು ಇನ್ನಷ್ಟು ಗಟ್ಟಿಯಾಗಿ ಕೂರಿಸುತ್ತದೆ. 30 ಕೆಜಿ ಎಳೆದರೂ ಅಲುಗಲಿಲ್ಲ. ತೂತಿನಲ್ಲಿ ಸರಳು ಕಟಕಟ ಅನ್ನುತ್ತದೆ, ಸೈಕಲ್ ಟ್ಯೂಬಿನ ಚೂರು ಸುತ್ತಿದರೆ ನಿಲ್ಲುತ್ತದೆ. ಎರಡು ಕೊರತೆ: ಗುಬಟು ಹೊರಚಾಚಿ ಅಂಗಿಗೆ ಸಿಕ್ಕಿಕೊಳ್ಳುತ್ತದೆ, ಮತ್ತು ಡ್ರಾಯರ್‌ಗಳ ನಡುವೆ ಪಟ್ಟಿ ಇಲ್ಲದ ಕಪಾಟಾದರೆ ಸರಳು ಇಳಿಯಲು ಜಾಗವೇ ಇರುವುದಿಲ್ಲ.

ಐದನೆಯದು ಪುಷ್ ಬಟನ್ ಲಾಕ್, ಜನ ವಾಸ ಮಾಡುವ ಕ್ಯಾರವಾನ್ ಗಾಡಿಗಳ ಕಪಾಟಿನಲ್ಲಿ ಇರುವಂಥದ್ದು. ಗುಂಡಿ ಒತ್ತಿದರೆ ಮುಖಕ್ಕೆ ಸಮವಾಗಿ ಕೂತು ಲಾಕ್ ಆಗುತ್ತದೆ, ಮತ್ತೆ ಒತ್ತಿದರೆ ಹೊರಗೆ ಬಂದು ಅದೇ ಹಿಡಿಯಾಗುತ್ತದೆ. ನನಗೆ ತುಂಬ ಹಿಡಿಸಿದ್ದು ಇಷ್ಟು: ಬಾಗಿಲು ಮುಚ್ಚುವ ಮುಂಚೆ ಒಂದು ನೋಟ ಸಾಕು, ಯಾವ ಗುಂಡಿ ಹೊರಗಿದೆಯೋ ಅದು ಲಾಕ್ ಆಗಿಲ್ಲ. ಕೀಲಿಯಲ್ಲಿ ಈ ಸುಖ ಇಲ್ಲ.

ಕೂರಿಸುವುದು ಮಾತ್ರ ಸ್ವಲ್ಪ ಕಿರಿಕಿರಿ. ಇದಕ್ಕೆ 26 ಎಂಎಂ ತೂತು ಬೇಕು. ನಮ್ಮ ಕಡೆ ಪ್ರತಿ ಆಚಾರಿಯ ಪೆಟ್ಟಿಗೆಯಲ್ಲೂ ಹಿಂಜಸ್ ಬಟ್ಟಲಿನ 35 ಎಂಎಂ ಬಿಟ್ ಇರುತ್ತದೆ, 26 ಯಾರ ಹತ್ತಿರವೂ ಇರಲಿಲ್ಲ. 25ರಲ್ಲಿ ಕೊರೆದು ಅರ ಹಾಕಿ ಉಜ್ಜಿದೆವು, ಮೊದಲನೆಯದು ಮೊಟ್ಟೆಯಾಕಾರ ಆಯಿತು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋಗಿ ಬಿಟ್ ತಂದ ಮೇಲೆ ಉಳಿದ ಮೂರು ನೀಟಾಗಿ ಬಂದವು. ಮುಖದ ಹಲಗೆ ಎಷ್ಟು ದಪ್ಪಕ್ಕೆ ಆ ಲಾಕ್ ಆಗುತ್ತದೆ ಅನ್ನುವುದನ್ನು ಕೊಳ್ಳುವ ಮುಂಚೆ ನೋಡಿ. 18ರ ಪ್ಲೈ ಮೇಲೆ ಮೈಕಾ ಹೊಡೆದರೆ 19 ಆಗುತ್ತದೆ, ಕೆಲವಕ್ಕೆ ಆ ಒಂದು ಎಂಎಂ ಕೂಡ ಹೆಚ್ಚು.

ತಕ್ಕಡಿಯಲ್ಲಿ 17 ಕೆಜಿಗೆ ಬಂತು. ಆದರೆ ಬಿಟ್ಟುಕೊಟ್ಟದ್ದು ಲಾಕ್ ಅಲ್ಲ, ನಾಲಿಗೆ ಸಿಕ್ಕಿಕೊಳ್ಳುವ ತಗಡಿಗೆ ಅವರೇ ಕೊಟ್ಟಿದ್ದ ಅರ್ಧ ಇಂಚಿನ ಸ್ಕ್ರೂ, ಬೇರು ಸಮೇತ ಕಿತ್ತು ಬಂತು. ಆರಪಾರ ತೂತು ಮಾಡಿ 4 ಎಂಎಂ ಬೋಲ್ಟು, ಹಿಂದೆ ಅದುರಿದರೂ ಸಡಿಲವಾಗದ ನೈಲಾಕ್ ನಟ್ ಹಾಕಿದೆ. ಆಮೇಲೆ 30 ಕೆಜಿಗೂ ಹೇಗಿತ್ತೋ ಹಾಗೇ. ಹುಡುಗನಿಗೆ ಹೇಳಿಕೊಡಬೇಕಾದದ್ದು ಒಂದೇ: ಡ್ರಾಯರ್ ತೆರೆದಿದ್ದಾಗ ಗುಂಡಿ ಒತ್ತಿ ಆಮೇಲೆ ಧಡಾರಂತ ತಳ್ಳಬಾರದು, ನಾಲಿಗೆ ತಗಡಿಗೆ ಗುದ್ದಿ ಬಾಗುತ್ತದೆ. ಒಂದು ಬಾಗಿಸಿದ ಮೇಲೆ ಕಲಿತ.

ಆರನೆಯದು ಹೆವಿ ಡ್ಯೂಟಿ ಲಾಕಿಂಗ್ ಚಾನೆಲ್. ಲಾಕ್ ಮುಖದಲ್ಲಿಲ್ಲ, ಚಾನೆಲ್ಲಿನಲ್ಲೇ ಇದೆ. ಮುಚ್ಚಿದಾಗ ಟಕ್ ಅಂತ ಹಿಡಿಯುತ್ತದೆ, ಪೂರ್ತಿ ಎಳೆದಾಗಲೂ ಟಕ್ ಅಂತ ಹಿಡಿಯುತ್ತದೆ. ಎರಡನೆಯ ಟಕ್ಕಿನ ಬೆಲೆ ಗೊತ್ತಾಗುವುದು ಗಾಡಿ ಇಳಿಜಾರಿನಲ್ಲಿ ನಿಂತಾಗ. ಮುಂಚೆ 40 ಕೆಜಿಯ ಡ್ರಾಯರ್ ತಾನಾಗಿ ಒಳಗೆ ಓಡಿ ಬೆರಳು ಜಜ್ಜಿತ್ತು, ಉಗುರು ಕಪ್ಪಾಗಿ ಎರಡು ತಿಂಗಳು ಇತ್ತು.

ಇದರಲ್ಲಿ ಒಂದು ಹಳ್ಳ ಇದೆ, ನಾನೂ ಬಿದ್ದೆ. ಸಾಮಾನ್ಯ ಚಾನೆಲ್ 45 ಎಂಎಂ ಅಗಲ, ಒಂದು ಬದಿಗೆ ಅರ್ಧ ಇಂಚು ದಪ್ಪ. ಹಾಗಾಗಿ ಪೆಟ್ಟಿಗೆಯನ್ನು ಕಪಾಟಿನ ಬಾಯಿಗಿಂತ ಒಂದು ಇಂಚು ಕಡಿಮೆ ಮಾಡಿರುತ್ತಾರೆ. ಈ ಲಾಕಿಂಗ್ ಚಾನೆಲ್ 53 ಎಂಎಂ ಅಗಲ, ಬದಿಗೆ 19 ಎಂಎಂ ದಪ್ಪ, ಅಂದರೆ ಎರಡೂ ಸೇರಿ ಒಂದೂವರೆ ಇಂಚು. ಹಳೇ ಪೆಟ್ಟಿಗೆ ಹಿಡಿಯಲಿಲ್ಲ. ಆಚಾರಿ ಎರಡೂ ಪೆಟ್ಟಿಗೆ ಬಿಚ್ಚಿ, ಅರ್ಧ ಇಂಚು ಕತ್ತರಿಸಿ, ಮತ್ತೆ ಜೋಡಿಸಿದ. ಅರ್ಧ ದಿನದ ಕೂಲಿ ದಂಡ. ಮೊದಲು ಚಾನೆಲ್ ಕೈಗೆ ಬರಲಿ, ಆಮೇಲೆ ಪೆಟ್ಟಿಗೆಗೆ ಗರಗಸ ಇಡಿಸಿ.

ಇನ್ನು ಎರಡು ಬದಿಯೂ ಒಂದೇ ಮಟ್ಟದಲ್ಲಿ, ಒಂದೇ ಆಳದಲ್ಲಿ ಕೂರಬೇಕು. ಒಂದು ಬದಿ 2 ಎಂಎಂ ಮುಂದಿದ್ದರೂ ಒಂದು ಟಕ್ ಕೇಳಿಸುತ್ತದೆ, ಇನ್ನೊಂದು ಕೇಳಿಸುವುದಿಲ್ಲ. ಆಗ ಡ್ರಾಯರ್ ಒಂದೇ ಲಾಕಿನಲ್ಲಿ ಸೊಟ್ಟಗೆ ನೇತಾಡುತ್ತದೆ. ಮೊದಲು ಉದ್ದ ತೂತುಗಳಲ್ಲಿ ಸ್ಕ್ರೂ ಸಡಿಲವಾಗಿ ಬಿಟ್ಟು, ನಾಲ್ಕು ಸಲ ಆಡಿಸಿ, ಎರಡೂ ಒಟ್ಟಿಗೆ ಟಕ್ ಅಂದ ಮೇಲೆ ದುಂಡು ತೂತುಗಳಿಗೆ 5 ಎಂಎಂ ಬೋಲ್ಟು ಬಿಗಿದೆವು. ತೆರೆಯಲು ಎರಡು ಕಡೆಯ ಲಿವರನ್ನೂ ಒಟ್ಟಿಗೆ ಒತ್ತಬೇಕು, ಒಂದು ಕೈಯಲ್ಲಿ ರೆಂಚು ಹಿಡಿದಿದ್ದರೆ ಆಗದು. ಬೆಲೆಯೂ ಕಡಿಮೆಯಲ್ಲ, 20 ಇಂಚಿನ ಒಂದು ಜೊತೆಗೆ ನಾಲ್ಕು ಸಾವಿರದ ಹತ್ತಿರ ಹೋಯಿತು. ತಕ್ಕಡಿ 50 ತೋರಿಸಿದರೂ ಅದಕ್ಕೆ ಏನೂ ಆಗಲಿಲ್ಲ, ನನ್ನ ಸೊಂಟ ಹಿಡಿದುಕೊಂಡಿತು.

ಆದರೆ ಇದು ಕಳ್ಳನಿಗಲ್ಲ, ಲಿವರ್ ಒತ್ತಿದರೆ ಯಾರಿಗಾದರೂ ತೆರೆಯುತ್ತದೆ. ತಾಮ್ರದ ಕೇಬಲ್ ಇಡುವ ಡ್ರಾಯರ್‌ಗೆ ಪಟ್ಟಿ, ಕೊಂಡಿ ಹೊಡೆದು ಪ್ರತ್ಯೇಕ ಬೀಗ ಹಾಕಿದ್ದೇನೆ. ನಮ್ಮ ಕಡೆ ಬೋರ್ ಕೇಬಲ್ ಕತ್ತರಿಸಿಕೊಂಡು ಹೋಗುವವರ ಕಥೆ ರೈತರಿಗೆ ಹೇಳಬೇಕಿಲ್ಲ.

ಒಂದು ವರ್ಷದ ಓಡಾಟದಲ್ಲಿ ಕಂಡ ಒಂದು ವಿಚಿತ್ರ. ಕೆಂಪು ಧೂಳು ಕೂರುತ್ತದೆ ಅಂತ ಚಾನೆಲ್‌ಗೆ ಗ್ರೀಸ್ ಬಳಿದಿದ್ದೆ, ಅದು ಧೂಳನ್ನು ಹಿಟ್ಟಿನ ಹಾಗೆ ಕಲಸಿಟ್ಟಿತು. ಈಗ ಬ್ರಷ್‌ನಲ್ಲಿ ಒರೆಸಿ ಒಣ ಸಿಲಿಕಾನ್ ಸ್ಪ್ರೇ ಅಷ್ಟೇ. ಕೆಲವು ಸಲ ಡ್ರಾಯರ್ ಮುಕ್ಕಾಲು ಬಂದು ನಿಂತುಬಿಡುತ್ತದೆ. ಕೆಟ್ಟಿತು ಅಂದುಕೊಳ್ಳಬೇಡಿ. ಅದುರಿ ಅದುರಿ ಒಳಗಿನ ಗುಂಡುಗಳ ಪಟ್ಟಿ ಜರುಗಿರುತ್ತದೆ. ಒಮ್ಮೆ ಜೋರಾಗಿ ಕೊನೆತನಕ ಎಳೆದರೆ ತನ್ನ ಜಾಗಕ್ಕೆ ಹೋಗುತ್ತದೆ.

ಕಪಾಟನ್ನು ಗಾಡಿಗೆ ಬಿಗಿಯುವಾಗ ಫ್ಲೋರ್ ಕೊರೆಯುವ ಮುಂಚೆ ಒಮ್ಮೆ ಗಾಡಿಯ ಕೆಳಗೆ ಮಲಗಿ ನೋಡಿ, ಟ್ಯಾಂಕ್, ಬ್ರೇಕ್ ಪೈಪು, ವೈರು ಎಲ್ಲಿ ಹೋಗಿವೆ ಅಂತ. ನಾನು ಇದ್ದ ಬೋಲ್ಟ್ ತೂತುಗಳನ್ನೇ ಬಳಸಿದೆ.

ಈಗ ಹಿಂದಿನ ಎರಡಕ್ಕೂ ಲಾಕಿಂಗ್ ಚಾನೆಲ್, ಬದಿಯ ಮೂರಕ್ಕೆ ಪುಷ್ ಬಟನ್. ನಾಲ್ಕನೆಯದಕ್ಕೆ, ಮೊಟ್ಟೆಯಾಕಾರದ ತೂತು ಬಿದ್ದದ್ದಕ್ಕೆ, ತಗಡು ಮುಚ್ಚಿ ಅದೇ ಐವತ್ತು ರೂಪಾಯಿಯ ಚಿಲಕ. ಅದನ್ನೂ ಬದಲಿಸಿಬಿಡೋಣ ಅಂತ ಆಚಾರಿ ಎರಡು ಸಲ ಕೇಳಿದ. ಬೇಡ ಅಂದೆ. 26ರ ಬಿಟ್ಟನ್ನು ಅವನೇ ಇಟ್ಟುಕೊಂಡಿದ್ದಾನೆ, ಇನ್ನೂ ವಾಪಸ್ ಕೊಟ್ಟಿಲ್ಲ.