ಕಿಸೆಯಲ್ಲಿ ಹಿಡಿಯುವ ಓಬಿಡಿ ಸ್ಕ್ಯಾನರ್

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು ಈ ಬ್ಲೂಟೂತ್ ಸ್ಕ್ಯಾನರ್. ಕಾರಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್‌ಗಳನ್ನು ಓದುವುದು ಇದರ ಕೆಲಸ (ಓಬಿಡಿ ಅಂದರೆ ಕಾರು ತನ್ನ ದೋಷ ತಾನೇ ಪತ್ತೆಹಚ್ಚುವ ವ್ಯವಸ್ಥೆ). ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಚುಚ್ಚಿ, ಫೋನಿನಲ್ಲಿ ಆ್ಯಪ್ ತೆರೆದರೆ ಆಯಿತು.

ನನ್ನ ಕಾರು ಸಿಗ್ನಲ್‌ನಲ್ಲಿ ನಿಂತಾಗೆಲ್ಲ ಗಡಗಡ ನಡುಗುತ್ತಿತ್ತು. ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ 'ಇಂಜೆಕ್ಟರ್ (ಇಂಧನ ಚಿಮ್ಮಿಸುವ ಭಾಗ) ಹೋಗಿದೆ' ಅಂದರು. ಸ್ಕ್ಯಾನರ್ ತೋರಿಸಿದ್ದು ಪಿ0302. ಅಂದರೆ 2ನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಅಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಯಾಕೆ ಅಂತ ಮಾತ್ರ ಅದು ಹೇಳುವುದಿಲ್ಲ. ಸ್ಪಾರ್ಕ್ ಪ್ಲಗ್ಗೋ, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ಲೋ, ಇಂಜೆಕ್ಟರೋ ನಾವೇ ಹುಡುಕಬೇಕು. ಎಂಜಿನ್ ತಣ್ಣಗಾದ ಮೇಲೆ 2 ಮತ್ತು 3ನೇ ಸಿಲಿಂಡರ್‌ಗಳ ಕಾಯಿಲ್ ಅದಲು ಬದಲು ಮಾಡಿದೆ. ಕೋಡ್ ಅಳಿಸಿ ಸ್ವಲ್ಪ ದೂರ ಓಡಿಸಿದೆ. ಈ ಸಲ ಬಂದಿದ್ದು ಪಿ0303! ಕಾಯಿಲ್ ಜೊತೆಗೇ ತೊಂದರೆಯೂ ಜಾಗ ಬದಲಿಸಿತು, ಅಲ್ವಾ? ಅದೊಂದನ್ನೇ ಹೊಸದು ಹಾಕಿದೆ, ನಡುಕ ನಿಂತಿತು. ಕೋಡ್ 2ರಲ್ಲೇ ಉಳಿದಿದ್ದರೆ ಮುಂದಿನ ಸರದಿ ಪ್ಲಗ್‌ನದು.

ಒಂದು ತಪ್ಪು ಮಾಡಿದೆ. ಕೋಡ್ ಅಳಿಸಿದರೆ ಫ್ರೀಜ್ ಫ್ರೇಮ್ ಮಾಹಿತಿಯೂ (ದೋಷ ಬಂದ ಹೊತ್ತಿನ ಎಂಜಿನ್ ಸ್ಥಿತಿಯ ದಾಖಲೆ) ಹೋಗುತ್ತದೆ. ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಎಬಿಎಸ್, ಏರ್‌ಬ್ಯಾಗ್ ಕೋಡ್‌ಗಳನ್ನು ಇದು ಓದುವುದಿಲ್ಲ. ಬ್ಲೂಟೂತ್ ಆಗಾಗ ಕೈಕೊಡುತ್ತದೆ. ಸುಮ್ನೆ ಸಾಕೆಟ್‌ನಲ್ಲೇ ಬಿಡಬೇಡಿ, ಕಾರು ಜಾಸ್ತಿ ದಿನ ನಿಂತರೆ ಬ್ಯಾಟರಿ ಇಳಿಯುತ್ತದೆ.