ಗೋಧಿ ಬಿಯರ್ ಐದು ಬಗೆ: ಬೆಂಗಳೂರಿನ ಟ್ಯಾಪ್, ಬವೇರಿಯದ ಬಾಟಲಿ

ಬೆಂಗಳೂರಿನ ಯಾವ ಮೈಕ್ರೋಬ್ರೂವರಿಗೆ ಕಾಲಿಟ್ಟರೂ ಟ್ಯಾಪ್ ಬೋರ್ಡಿನಲ್ಲಿ ಗೋಧಿ ಬಿಯರ್ ಒಂದು ಸಿಕ್ಕೇ ಸಿಗುತ್ತದೆ. ಹೊಸಬರು ಮೊದಲು ಕೇಳುವುದೂ ಹೆಚ್ಚಾಗಿ ಅದನ್ನೇ: ಕಹಿ ಕಮ್ಮಿ, ಹಣ್ಣಿನ ಘಮ, ಸಲೀಸಾಗಿ ಇಳಿಯುತ್ತದೆ. ಅದಕ್ಕೇ ಏನೋ, ಕ್ರಾಫ್ಟ್ ಬಿಯರ್ ಬಲ್ಲವರು ಇದನ್ನು ದಾಟಿ ಕಹಿ ಹೆಚ್ಚಿರುವ ಐಪಿಎಗೋ ಕಪ್ಪು ಬಣ್ಣದ ಸ್ಟೌಟ್‌ಗೋ ಹೋಗಿಬಿಡುತ್ತಾರೆ. ಅದು ಸರಿಯಲ್ಲ. ಐಪಿಎಯಲ್ಲಿ ಕಹಿ ಕೊಡುವ ಹಾಪ್ಸ್ ಹೂವು, ಸ್ಟೌಟ್‌ನಲ್ಲಿ ಹುರಿದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಎಷ್ಟೋ ತಪ್ಪುಗಳನ್ನು ಮರೆಮಾಡುತ್ತವೆ. ಗೋಧಿ ಬಿಯರಿನಲ್ಲಿ ಹಾಗೆ ಮರೆಮಾಡಲು ಏನೂ ಇಲ್ಲ. ರುಚಿಯ ಬಹುಪಾಲು ಯೀಸ್ಟಿನದೇ ಆದ್ದರಿಂದ, ಯೀಸ್ಟನ್ನು ಹೇಗೆ ನೋಡಿಕೊಂಡಿದ್ದಾರೆ ಅನ್ನುವುದು ಮೊದಲ ಗುಟುಕಿಗೇ ತಿಳಿದುಹೋಗುತ್ತದೆ. ಒಂದು ಬ್ರೂವರಿಯ ಕೈಗುಣ ನೋಡಬೇಕಾದರೆ ಮೊದಲು ವೈಸ್, ಅಂದರೆ ಜರ್ಮನಿಯ ಬವೇರಿಯ ಪ್ರಾಂತ್ಯದ ಬಗೆಯ ಗೋಧಿ ಬಿಯರ್, ಕೇಳಿ.

ಇಲ್ಲಿ ನೋಡಿರುವುದು ಐದು ಬಿಯರ್: ಜರ್ಮನಿಯ ವೈಹೆನ್‌ಸ್ಟೆಫಾನರ್ ಮತ್ತು ಷ್ನೈಡರ್ ಬಾಟಲಿಗಳು, ಇಂದಿರಾನಗರದ ಟಾಯ್ಟ್ ಬ್ರೂವರಿಯ ವೈಸ್, ಆರ್ಬರ್ ಬ್ರೂಯಿಂಗ್ ಕಂಪನಿಯ ಬ್ಯಾಂಗಲೋರ್ ಬ್ಲಿಸ್, ಮತ್ತೆ ಬೆಲ್ಜಿಯಂ ಬಗೆಗೆ ಹೋಗಾರ್ಡನ್. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಟ್ಯಾಪಿನ ಬಲ ತಾಜಾತನ, ಬಾಟಲಿಯ ಬಲ ಗ್ಯಾಸ್. ಎರಡೂ ಒಂದೇ ಗ್ಲಾಸಿನಲ್ಲಿ ಸಿಗುವುದು ಅಪರೂಪ, ಸಿಕ್ಕಾಗ ಅದಕ್ಕಿಂತ ಒಳ್ಳೆಯ ಬಿಯರ್ ಬೇಕಿಲ್ಲ.

ಅಳತೆಗೋಲಾಗಿ ಇಟ್ಟುಕೊಳ್ಳಬೇಕಾದ್ದು ವೈಹೆನ್‌ಸ್ಟೆಫಾನರ್ ಹೆಫೆವೈಸ್‌ಬಿಯರ್, ಆಲ್ಕೋಹಾಲ್ ಶೇ. 5.4. ಮ್ಯೂನಿಕ್ ಹತ್ತಿರದ ಫ್ರೈಸಿಂಗ್‌ನಲ್ಲಿರುವ ಇದು ಬವೇರಿಯ ಸರ್ಕಾರದ ಬ್ರೂವರಿ. 1040ರಿಂದ ಬಿಯರ್ ಮಾಡುತ್ತಿರುವುದಾಗಿ ಲೇಬಲ್ ಮೇಲೇ ಹೇಳಿಕೊಳ್ಳುತ್ತದೆ. ಈ ಬ್ರೂವರಿಯ ಹೆಸರಿಗೆ ಅಂಟಿಕೊಂಡ ಡಬ್ಲ್ಯು-68 ಎಂಬ ಯೀಸ್ಟ್ ತಳಿಯನ್ನೇ ಜಗತ್ತಿನ ಎಷ್ಟೋ ಬ್ರೂವರಿಗಳು ಗೋಧಿ ಬಿಯರಿಗೆ ಬಳಸುತ್ತವೆ. ಮನೆಯಲ್ಲಿ ಬಿಯರ್ ಮಾಡುವವರಿಗೆ ಅದು ವೈಈಸ್ಟ್ 3068 ಎಂದು ಪರಿಚಯ. ಗ್ಲಾಸಿನಲ್ಲಿ ತಿಳಿ ಹೊನ್ನಿನ ಬಣ್ಣ, ಹದವಾದ ಮಬ್ಬು. ಮೂಗಿಗೆ ಮೊದಲು ಬಾಳೆಹಣ್ಣು. ಅದೂ ಕಪ್ಪು ಚುಕ್ಕೆ ಬೀಳುವಷ್ಟು ಹಣ್ಣಾಗದೆ ಈಗಷ್ಟೇ ಹಳದಿಯಾದ ಪಚ್ಚಬಾಳೆ. ಅದರ ಹಿಂದೆಯೇ ಲವಂಗ, ಆಮೇಲೆ ಹಸಿ ಬ್ರೆಡ್ ಹಿಟ್ಟು. ನಾಲಿಗೆ ಮೇಲೆ ಮೊದಲು ಸಿಹಿ ಅನ್ನಿಸಿದರೂ ನುಂಗಿದ ಮೇಲೆ ಬಾಯಿ ಒಣಗಿದ ಹಾಗೆ ಚೊಕ್ಕವಾಗಿ ಮುಗಿಯುತ್ತದೆ. ಆ ಒಣ ಕೊನೆಯೇ ಎರಡನೇ ಗ್ಲಾಸ್ ಕೇಳಿಸುವುದು.

ಬಾಳೆಹಣ್ಣೂ ಲವಂಗವೂ ಯಾರೂ ಬೆರೆಸಿದ್ದಲ್ಲ. ಬಾಳೆಯ ಘಮ ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರಿನಿಂದ, ಲವಂಗ 4-ವಿನೈಲ್ ಗ್ವಾಯಕಾಲ್ ಎಂಬ ಫೀನಾಲಿನಿಂದ. ಎರಡನ್ನೂ ಯೀಸ್ಟೇ ತಯಾರಿಸುತ್ತದೆ. ಲವಂಗ ಬೇಕೆಂದರೆ ಮಾಲ್ಟನ್ನು ನೆನೆಸುವಾಗ 43ರಿಂದ 45 ಡಿಗ್ರಿಯಲ್ಲಿ ಒಂದಷ್ಟು ಹೊತ್ತು ನಿಲ್ಲಿಸಬೇಕು. ಆಗ ಧಾನ್ಯದ ಸಿಪ್ಪೆಯಿಂದ ಫೆರುಲಿಕ್ ಆಮ್ಲ ಬಿಡುತ್ತದೆ, ಯೀಸ್ಟ್ ಅದನ್ನೇ ಲವಂಗದ ಫೀನಾಲಾಗಿ ಬದಲಿಸುತ್ತದೆ. ಹುದುಗುವಾಗ ಶಾಖ ಏರಿಸಿದರೆ, ಅಥವಾ ಯೀಸ್ಟ್ ಕಮ್ಮಿ ಹಾಕಿದರೆ, ಬಾಳೆ ಜಾಸ್ತಿ. 22 ಡಿಗ್ರಿ ದಾಟಿಸಿಬಿಟ್ಟರೆ ಬಬಲ್‌ಗಮ್ ವಾಸನೆ ಬರುತ್ತದೆ. ನಮ್ಮೂರಿನ ಕೆಲವು ಟ್ಯಾಪುಗಳ ವೈಸ್ ಬರೀ ಬಾಳೆಹಣ್ಣಿನ ಮಿಲ್ಕ್‌ಶೇಕಿನಂತೆ ಇರುವುದಕ್ಕೆ ಕಾರಣ ಇದೇ: 45 ಡಿಗ್ರಿಯ ಹಂತ ಬಿಟ್ಟು ನೇರ 66ಕ್ಕೆ ಹೋಗುವುದು, ಮೇಲೆ ಬಿಸಿಯಲ್ಲಿ ಹುದುಗಿಸುವುದು. ಲವಂಗವಿಲ್ಲದ ಬಾಳೆ ಅರ್ಧ ಗ್ಲಾಸಿಗೇ ಸಾಕಾಗಿಬಿಡುತ್ತದೆ.

ಬಾಟಲಿ ಸುರಿಯುವ ವಿಧಾನ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಎಡವಿದರೆ ಮೇಲಿನ ವರ್ಣನೆ ಯಾವುದೂ ಸಿಗುವುದಿಲ್ಲ. ಅರ್ಧ ಲೀಟರಿನ ಎತ್ತರದ ವೈಸ್ ಗ್ಲಾಸ್ ಇಲ್ಲದಿದ್ದರೆ 650 ಮಿ.ಲೀ. ಹಿಡಿಯುವ ಯಾವುದೇ ದೊಡ್ಡ ಗ್ಲಾಸ್ ಆದೀತು. ಗ್ಲಾಸನ್ನು ತಣ್ಣೀರಿನಲ್ಲಿ ಒಮ್ಮೆ ಗಲಗಲಿಸಿ, ಒರೆಸಬೇಡಿ; ಒದ್ದೆ ಗೋಡೆಯ ಮೇಲೆ ನೊರೆ ಸಿಟ್ಟಿಗೇಳುವುದಿಲ್ಲ. ಗ್ಲಾಸನ್ನು ಬಹುತೇಕ ಅಡ್ಡ ಹಿಡಿದು ಬಾಟಲಿಯ ಕತ್ತನ್ನು ಒಳಗೆ ತೂರಿಸಿ, ಗೋಡೆಗುಂಟ ನಿಧಾನವಾಗಿ ಇಳಿಸಿ. ಬಾಟಲಿಯಲ್ಲಿ ಎರಡು ಬೆರಳಷ್ಟು ಉಳಿದಾಗ ನಿಲ್ಲಿಸಿ, ಬಾಟಲಿಯನ್ನು ದುಂಡಗೆ ತಿರುಗಿಸಿ ತಳದ ಗಸಿಯನ್ನು ಎಬ್ಬಿಸಿ, ಆ ಗಸಿ ಸಮೇತ ಮೇಲಿಂದ ಸುರಿಯಿರಿ. ಗಸಿ ಅಂದರೆ ಯೀಸ್ಟ್. ಅದನ್ನು ಬಾಟಲಿಯಲ್ಲೇ ಬಿಟ್ಟರೆ ಬಿಯರ್ ತಿಳಿಯಾಗಿ ಕಾಣುತ್ತದೆ, ಬ್ರೆಡ್ಡಿನ ರುಚಿ ಹೋಗುತ್ತದೆ, ಬಾಯಲ್ಲಿ ತೆಳ್ಳಗಾಗುತ್ತದೆ. ಮೊದಲೇ ಬಾಟಲಿ ಅಲ್ಲಾಡಿಸಿ ಎಲ್ಲ ಒಟ್ಟಿಗೆ ಸುರಿದರೆ ಮುಕ್ಕಾಲು ಗ್ಲಾಸ್ ನೊರೆ. ನಿಂಬೆಹಣ್ಣಿನ ಹೋಳು ಸಿಕ್ಕಿಸಿ ಕೊಟ್ಟರೆ ಬೇಡ ಎನ್ನಿ. ನಿಂಬೆಯ ಹುಳಿ ಲವಂಗವನ್ನು ಮುಚ್ಚುತ್ತದೆ, ಸಿಪ್ಪೆಯ ಎಣ್ಣೆ ನೊರೆಯನ್ನು ಕೊಲ್ಲುತ್ತದೆ.

ತಣ್ಣಗೆಷ್ಟಿರಬೇಕು? 7ರಿಂದ 9 ಡಿಗ್ರಿ. ಫ್ರಿಜ್ಜಿನಿಂದ ತೆಗೆದ ತಕ್ಷಣ ಮೂಗಿಗೆ ಏನೂ ಹತ್ತುವುದಿಲ್ಲ, ಹತ್ತು ನಿಮಿಷ ಹೊರಗಿಡಿ.

ಬಾಟಲಿಯ ತೊಂದರೆ ವಯಸ್ಸು. ಬಾಳೆಹಣ್ಣಿನ ಎಸ್ಟರ್ ತಿಂಗಳು ಕಳೆದಂತೆ ಒಡೆದು ಇಳಿಯುತ್ತದೆ. ಲವಂಗವೂ ಮಾಸುತ್ತದೆ. ಉಳಿಯುವುದು ಜೇನಿನಂಥ ಮಂದ ಸಿಹಿ, ಇನ್ನೂ ಹಳತಾದರೆ ಒದ್ದೆ ರಟ್ಟಿನ ವಾಸನೆ. ಹಡಗಿನಲ್ಲಿ ಬಂದು, ಗೋದಾಮಿನಲ್ಲಿ ಕೂತು, ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಏಸಿ ಇಲ್ಲದೆ ನಿಂತ ಬಾಟಲಿಗೆ ಇದು ಬೇಗ ಆಗುತ್ತದೆ. ಕೊಳ್ಳುವ ಮೊದಲು ಹಿಂದಿನ ಲೇಬಲ್ ಮೇಲೆ ತಯಾರಿಕೆಯ ತಾರೀಖು ನೋಡಿ. ಆರು ತಿಂಗಳ ಒಳಗಿನದು ಸಿಕ್ಕರೆ ಧಾರಾಳವಾಗಿ ಕೊಳ್ಳಿ. ವರ್ಷ ದಾಟಿದ್ದು ಅರ್ಧ ಬೆಲೆಗೆ ಕೊಟ್ಟರೂ ಬೇಡ. ಮತ್ತೆ ಕಂದು ಬಾಟಲಿಯನ್ನೇ ಆರಿಸಿ. ಹಸಿರು, ಬಿಳಿ ಗಾಜಿನಲ್ಲಿ ಬೆಳಕು ತಾಗಿ ಹಾಪ್ಸ್‌ನ ಕಹಿ ಅಂಶ ಒಡೆದು ಕೆಟ್ಟ ಗಂಧಕದ ನಾತ ಬರುತ್ತದೆ.

ಷ್ನೈಡರ್ ವೈಸ್ ಒರಿಜಿನಲ್ ಕೂಡ ಶೇ. 5.4ರದ್ದೇ, ಆದರೆ ಬೇರೆಯೇ ಬಿಯರ್. ಗೋಧಿ ಬಿಯರ್ ಮಾಡುವ ಹಕ್ಕು ಬವೇರಿಯದ ವಿಟೆಲ್ಸ್‌ಬಾಖ್ ರಾಜಮನೆತನದ ಕೈಯಲ್ಲಿದ್ದ ಕಾಲದಲ್ಲಿ, 1872ರಲ್ಲಿ, ಆ ಹಕ್ಕನ್ನು ಪಡೆದವರು ಗೇಯೋರ್ಗ್ ಷ್ನೈಡರ್. ಜನ ಗೋಧಿ ಬಿಯರನ್ನು ಬಿಟ್ಟು ತಣ್ಣಗೆ ಹುದುಗಿಸುವ ಲಾಗರ್ ಬಿಯರ್ ಕಡೆ ಹೊರಳಿದ್ದಾಗ ಅವರು ಅದನ್ನು ಕೈಬಿಡಲಿಲ್ಲ. ಈಗ ಬ್ರೂವರಿ ಕೆಲ್‌ಹೈಮ್‌ನಲ್ಲಿದೆ. ತೆರೆದ ತೊಟ್ಟಿಗಳಲ್ಲಿ ಹುದುಗಿಸಿ, ಕೊನೆಯ ಹುದುಗನ್ನು ಬಾಟಲಿಯಲ್ಲೇ ನಡೆಸುತ್ತಾರೆ. ಬಣ್ಣ ಕೆಂಪು ಕಂದು. ಇಲ್ಲಿ ಬಾಳೆ ಹಿಂದೆ ಸರಿದು ಲವಂಗ, ಜಾಯಿಕಾಯಿ, ಸುಟ್ಟ ಬ್ರೆಡ್ಡಿನ ಅಂಚು ಮುಂದೆ ಬರುತ್ತವೆ. ಗ್ಯಾಸ್ ಚುರುಕು, ನಾಲಿಗೆಯ ತುದಿ ಕಚ್ಚುತ್ತದೆ. ವೈಹೆನ್‌ಸ್ಟೆಫಾನರ್ ಇಷ್ಟಪಟ್ಟವರಿಗೆಲ್ಲ ಇದು ಹಿಡಿಸದಿರಬಹುದು, ಊಟದ ಜೊತೆಗೆ ಮಾತ್ರ ನಮಗೆ ಇದೇ ಮೇಲು. ಇದೇ ಮನೆಯ ಆವೆಂಟಿನಸ್ ಶೇ. 8.2ರ ಗಟ್ಟಿ ಬಿಯರ್: ಒಣದ್ರಾಕ್ಷಿ, ಬೆಲ್ಲ, ಬಾಳೆ. ಒಬ್ಬರಿಗೆ ಒಂದು ಬಾಟಲಿ ಹೆಚ್ಚಾಯಿತು, ಇಬ್ಬರು ಹಂಚಿಕೊಳ್ಳಿ.

ಇನ್ನು ಟ್ಯಾಪ್. ಟಾಯ್ಟ್ 2010ರಿಂದ ಇಂದಿರಾನಗರದ 100 ಅಡಿ ರಸ್ತೆಯಲ್ಲಿದೆ. ಅವರ ವೈಸ್ ತಾಜಾ ಇದ್ದಾಗ ಬಾಳೆಯ ಘಮ ಯಾವ ಆಮದು ಬಾಟಲಿಗೂ ಬಗ್ಗುವುದಿಲ್ಲ. ಮೈ ಮೆತ್ತಗೆ, ಗೋಧಿಯ ಹಾಲುಹಾಲಾದ ರುಚಿ ಎದ್ದು ಕಾಣುತ್ತದೆ. ಲವಂಗ ಹದವಾಗಿದೆ, ಕೊನೆ ಮಾತ್ರ ವೈಹೆನ್‌ಸ್ಟೆಫಾನರ್‌ನಷ್ಟು ಒಣಗುವುದಿಲ್ಲ, ಸಿಹಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಬೆಂಗಳೂರಿನ ಸಂಜೆಗೆ ಒಂದು ದೊಡ್ಡ ಗ್ಲಾಸ್ ಕುಡಿಯಲು ಹೇಳಿ ಮಾಡಿಸಿದ ಬಿಯರ್. ಆರ್ಬರ್‌ನ ಬ್ಯಾಂಗಲೋರ್ ಬ್ಲಿಸ್ ಕೂಡ ಬವೇರಿಯ ಬಗೆಯದೇ. ಆರ್ಬರ್‌ನ ಬೇರು ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಊರಿನಲ್ಲಿ, ಹಾಗಾಗಿ ಅಲ್ಲಿ ಹೆಚ್ಚಿನವರು ಕೇಳುವುದು ರೇಜಿಂಗ್ ಎಲಿಫೆಂಟ್ ಐಪಿಎ. ನಮ್ಮ ನಾಲಿಗೆಗೆ ಬ್ಲಿಸ್ ಟಾಯ್ಟ್ ವೈಸಿಗಿಂತ ಹಗುರ, ಹಣ್ಣಿನ ಕಡೆ ಹೆಚ್ಚು ವಾಲಿದ್ದು. ಲವಂಗ ಹುಡುಕಿದರೆ ಮಾತ್ರ ಸಿಗುತ್ತದೆ. ಐಪಿಎಗೆ ಮುಂಚೆ ಕುಡಿಯಿರಿ, ಆಮೇಲಲ್ಲ. ಆ ಹಾಪ್ಸ್ ಕಹಿ ನಾಲಿಗೆ ಹಿಡಿದ ಮೇಲೆ ಯಾವ ಗೋಧಿ ಬಿಯರೂ ಸಪ್ಪೆಯೇ.

ಟ್ಯಾಪಿನ ವೈಸಿಗೆ ಸಾಮಾನ್ಯವಾಗಿ ಇರುವ ಕೊರತೆ ಗ್ಯಾಸ್. ಗೋಧಿ ಬಿಯರಿಗೆ ಲೀಟರಿಗೆ 7ರಿಂದ 8 ಗ್ರಾಂ ಕಾರ್ಬನ್ ಡೈಆಕ್ಸೈಡ್ ಇರಬೇಕು. ಲಾಗರಿಗೆ 5 ಸಾಕು. ಒಂದೇ ಕೋಲ್ಡ್ ರೂಮ್, ಎಲ್ಲ ಟ್ಯಾಪಿಗೂ ಒಂದೇ ಒತ್ತಡ, ಒಂದೇ ಅಳತೆಯ ಪೈಪ್ ಇಟ್ಟುಕೊಂಡ ಕಡೆ ವೈಸಿಗೆ ಬೇಕಾದಷ್ಟು ಗ್ಯಾಸ್ ತುಂಬಿದರೆ ನಲ್ಲಿಯಿಂದ ಬರೀ ನೊರೆ ಬರುತ್ತದೆ, ಹಾಗಾಗಿ ಲಾಗರಿನ ಲೆಕ್ಕಕ್ಕೇ ಇಳಿಸುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವುದೂ ಸೇರಿಕೊಳ್ಳುತ್ತದೆ: ಹೊರಗಿನ ಗಾಳಿಯ ಒತ್ತಡ ಕಮ್ಮಿ, ಆದ್ದರಿಂದ ಪುಸ್ತಕದಲ್ಲಿರುವ ಗೇಜ್ ಅಂಕಿಗೆ ಸುಮಾರು 0.1 ಬಾರ್ ಸೇರಿಸಿದರೇ ಅಷ್ಟೇ ಗ್ಯಾಸ್ ಬಿಯರಿನಲ್ಲಿ ನಿಲ್ಲುವುದು. ಗ್ಯಾಸ್ ಕಮ್ಮಿಯಾದರೆ ಬಾಳೆ ಭಾರವಾಗುತ್ತದೆ, ಗೋಧಿ ಹಿಟ್ಟು ಹಿಟ್ಟಾಗುತ್ತದೆ. ವೈಸಿಗೆ ಬೇರೆ ರೆಗ್ಯುಲೇಟರ್, ಉದ್ದನೆಯ ಸಣ್ಣ ಪೈಪ್ ಹಾಕಿದರೆ ಇದು ಸರಿಹೋಗುತ್ತದೆ. ದೊಡ್ಡ ಖರ್ಚೇನೂ ಅಲ್ಲ, ಬ್ರೂವರಿಗಳು ಮಾಡಲೇಬೇಕಾದ ಕೆಲಸ. ಕುಡಿಯುವವರು ನೋಡಬೇಕಾದ್ದು ನೊರೆ. ಮೂರು ಬೆರಳು ದಪ್ಪ ಎದ್ದು, ಅರ್ಧ ಗ್ಲಾಸ್ ಮುಗಿಯುವ ತನಕ ಒಂದು ಬೆರಳಾದರೂ ಉಳಿದು, ಗ್ಲಾಸಿನ ಒಳಗೋಡೆಗೆ ಉಂಗುರ ಉಂಗುರವಾಗಿ ಅಂಟಿಕೊಂಡರೆ ಗ್ಯಾಸೂ ಸರಿ, ಗ್ಲಾಸೂ ಶುದ್ಧ. ಗ್ಲಾಸಿನ ಒಂದೇ ಜಾಗಕ್ಕೆ ಗುಳ್ಳೆಗಳು ಮೆತ್ತಿಕೊಂಡಿದ್ದರೆ ಅಲ್ಲಿ ಜಿಡ್ಡಿದೆ, ಬೇರೆ ಗ್ಲಾಸ್ ಕೇಳಿ.

ಪಿಚರ್ ತರಿಸಬೇಡಿ. ಟೇಬಲ್ ಮೇಲೆ ಇಪ್ಪತ್ತು ನಿಮಿಷ ಕೂತರೆ ಇದ್ದ ಗ್ಯಾಸೂ ಹೋಗುತ್ತದೆ.

ಬೆಲ್ಜಿಯಂ ಬಗೆಯಲ್ಲಿ ಯೀಸ್ಟಿನ ಕೆಲಸ ಕಮ್ಮಿ, ಮಸಾಲೆಯ ಕೆಲಸ ಜಾಸ್ತಿ. ಮೊಳಕೆ ಬರಿಸದ ಗೋಧಿ, ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ. ಸತ್ತೇಹೋಗಿದ್ದ ಈ ಬಗೆಯನ್ನು 1960ರ ದಶಕದಲ್ಲಿ ಹೋಗಾರ್ಡನ್ ಊರಿನಲ್ಲಿ ಮತ್ತೆ ಬದುಕಿಸಿದವರು ಪಿಯೆರ್ ಸೆಲಿಸ್. ಇಂದಿನ ಹೋಗಾರ್ಡನ್ ಶೇ. 4.9, ದೊಡ್ಡ ಕಂಪನಿಯ ಕೈಯಲ್ಲಿದೆ, ಎಲ್ಲೆಡೆ ಸಿಗುತ್ತದೆ. ಕಿತ್ತಳೆ ಮುಂದೆ, ಕೊತ್ತಂಬರಿ ಹಿಂದೆ, ನಡುವೆ ಏನೂ ಇಲ್ಲ. ಬಾಯಾರಿಕೆಗೆ ಸರಿ, ಗಮನವಿಟ್ಟು ಕುಡಿಯಲು ಸಾಲದು. ಈ ಬಗೆಯೇ ಬೇಕೆಂದರೆ ಟಾಯ್ಟ್‌ನ ಟಿನ್‌ಟಿನ್ ಕೇಳಿ. ಮಸಾಲೆ ಹಸಿಯಾಗಿ ಮೂಗಿಗೆ ಬಡಿಯುತ್ತದೆ. ಕೊತ್ತಂಬರಿ ಹಳತಾದಾಗ, ಇಲ್ಲವೇ ಹೆಚ್ಚು ಕುದಿಸಿದಾಗ ಸೋಪಿನ ರುಚಿ ಬರುತ್ತದೆ. ಯಾವ ಗ್ಲಾಸಿನಲ್ಲಿ ಹಾಗನ್ನಿಸಿದರೂ ಅದು ಆ ಬ್ಯಾಚಿನದೇ ತಪ್ಪು.

ಕೆಟ್ಟ ಗ್ಲಾಸ್ ಬಂದರೆ ಗುರುತಿಸುವುದು ಹೀಗೆ. ಬೆಣ್ಣೆ ಅಥವಾ ಪಾಪ್‌ಕಾರ್ನ್ ವಾಸನೆ ಬಂದರೆ ಡೈಅಸಿಟೈಲ್. ಹುದುಗು ಮುಗಿಯುವ ಮುನ್ನ ತಣ್ಣಗಾಗಿಸಿರುತ್ತಾರೆ, ಅಥವಾ ಪೈಪ್ ತೊಳೆದಿರುವುದಿಲ್ಲ. ಬೇಯಿಸಿದ ಜೋಳ, ಎಲೆಕೋಸಿನ ವಾಸನೆ ಕುದಿ ಸಾಲದ್ದಕ್ಕೆ. ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ ಇಲ್ಲಿ ಕುದಿಸುವ ಹೊತ್ತನ್ನು ಕಮ್ಮಿ ಮಾಡುವಂತಿಲ್ಲ. ಆಸ್ಪತ್ರೆಯ ಬ್ಯಾಂಡೇಜ್ ವಾಸನೆ ಅಂದರೆ ನೀರಿನ ಕ್ಲೋರಿನ್ ಫೀನಾಲ್ ಜೊತೆ ಸೇರಿದೆ. ಇದನ್ನು ಲವಂಗ ಎಂದು ಮಾಣಿ ಸಮಾಧಾನ ಹೇಳಬಹುದು, ಒಪ್ಪಬೇಡಿ: ಲವಂಗ ನಾಲಿಗೆ ಬೆಚ್ಚಗಾಗಿಸುತ್ತದೆ, ಇದು ಗಂಟಲಲ್ಲಿ ಔಷಧಿಯಾಗಿ ನಿಲ್ಲುತ್ತದೆ. ಮಾಂಸದ ಸಾರಿನಂಥ ವಾಸನೆ ಬಂದರೆ ಯೀಸ್ಟ್ ಸತ್ತು ಒಡೆದಿದೆ, ಬ್ಯಾಚ್ ಹಳತು. ವೈಸಿನ ಟ್ಯಾಪ್ ತಿಳಿಯಾಗಿ ಬರುತ್ತಿದ್ದರೂ ಅನುಮಾನ ಪಡಿ. ಕೆಗ್ (ಬಿಯರ್ ಪೀಪಾಯಿ) ಬಹಳ ದಿನ ಅಲ್ಲಾಡದೆ ನಿಂತು ಯೀಸ್ಟೆಲ್ಲ ತಳ ಸೇರಿರುತ್ತದೆ. ಆರ್ಡರ್ ಮಾಡುವ ಮೊದಲು ಒಂದು ಸಣ್ಣ ಸ್ಯಾಂಪಲ್ ಕೇಳಿ, ಬ್ಯಾಚ್ ಯಾವಾಗ ಟ್ಯಾಪಿಗೆ ಬಂತು ಎಂದೂ ಕೇಳಿ. ಒಳ್ಳೆಯ ಬ್ರೂವರಿಯಲ್ಲಿ ಎರಡಕ್ಕೂ ಬೇಸರ ಮಾಡಿಕೊಳ್ಳುವುದಿಲ್ಲ.

ಜೊತೆಗೆ ತಿನ್ನಲು ಮೆಣಸಿನ ಖಾರದ್ದು ಬೇಡ. ಗ್ಯಾಸೂ ಆಲ್ಕೋಹಾಲೂ ಸೇರಿ ಹಸಿಮೆಣಸಿನಕಾಯಿಯ ಉರಿಯನ್ನು ಏರಿಸುತ್ತವೆ, ಚಿಲ್ಲಿ ಚಿಕನ್ ಮುಂದೆ ಬಾಳೆಯೂ ಇಲ್ಲ ಲವಂಗವೂ ಇಲ್ಲ. ಮಸಾಲೆ ಹದವಿರುವ ಕೋಳಿ ಕಬಾಬ್, ಉಪ್ಪಿನ ಕಡಲೆಕಾಯಿ, ಹುರಿದ ಅಂಜಲ್ ಚೆನ್ನಾಗಿ ಹೊಂದುತ್ತವೆ. ಷ್ನೈಡರಿಗೆ ಕಾಳುಮೆಣಸಿನ ಮಟನ್ ಫ್ರೈ: ಕಾಳುಮೆಣಸಿನ ಘಾಟು ಲವಂಗದ ಜೊತೆ ಕೂಡಿಕೊಳ್ಳುತ್ತದೆ, ಬಿಯರಿನ ಚುರುಕು ಗ್ಯಾಸ್ ನಾಲಿಗೆಯ ಕೊಬ್ಬನ್ನು ತೊಳೆದು ಮುಂದಿನ ತುತ್ತಿಗೆ ಬಾಯಿ ಸಿದ್ಧ ಮಾಡುತ್ತದೆ.