ಸಸಿ ಎಲೆ ಮುದುಡಿದಾಗ: ಮೀಟರ್, ಆಪ್, ಲೆನ್ಸ್ ಮೂರೂ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು 150 ರೂಪಾಯಿ ಲೆನ್ಸಿಗೆ. ಅದಕ್ಕಿಂತ ಡಬಲ್ ಕೊಟ್ಟು ತರಿಸಿದ, ಮಣ್ಣಲ್ಲಿ ತೇವ ಎಷ್ಟಿದೆ ಅಂತ ತೋರಿಸೋ ಮಾಯಿಶ್ಚರ್ ಮೀಟರ್ ನನ್ನ ಟೊಮೇಟೊ ಸಸಿ ಮುಳುಗಿಸಿದ ಸಿಟ್ಟಿಗೇ ಇಷ್ಟು ಬರೀತಿರೋದು.

ಹಾಸನದಲ್ಲಿ ಬಾಡಿಗೆ ಮನೆ, ಮೇಲಿನ ಮಹಡಿ. ಮಳೆ ಹಿಡೀತು ಅಂದ್ರೆ ಹೊರಗೆ ಟ್ರೇ ಇಡೋ ಹಂಗಿಲ್ಲ, ಅದಕ್ಕೇ ಅಡುಗೆಮನೆ ಕಿಟಕಿ ಹತ್ರ ಎಲ್‌ಇಡಿ ಬಲ್ಬ್ ಕೆಳಗೆ ಒಂದು ಪ್ರೋಟ್ರೇಲಿ (ಸಸಿ ಬೆಳೆಸೋ ಗುಳಿಗುಳಿ ಪ್ಲಾಸ್ಟಿಕ್ ಟ್ರೇ) ಅರ್ಧ ಟೊಮೇಟೊ, ಅರ್ಧ ಮೆಣಸಿನಕಾಯಿ ಹಾಕಿದ್ದೆ. ನಾಲ್ಕನೇ ವಾರಕ್ಕೆ ಎರಡರದ್ದೂ ಎಲೆ ಮುದುಡೋಕೆ ಶುರು. ಟೊಮೇಟೊದು ಕೆಳಕ್ಕೆ ಬಾಗಿತ್ತು, ಮೆಣಸಿನದು ಅಂಚು ಮೇಲಕ್ಕೆ ಎದ್ದು ದೋಣಿ ಥರ ಆಗಿತ್ತು. ಈ ವ್ಯತ್ಯಾಸ ಆವತ್ತೇ ಕಣ್ಣಿಗೆ ಬಿದ್ದಿದ್ರೆ ದುಡ್ಡು ಉಳೀತಿತ್ತು.

ಮೀಟರ್ ಕಥೆ ಕೇಳಿ. ಬ್ಯಾಟರಿ ಬೇಡ, ಎರಡು ಕಡ್ಡಿ, ಚುಚ್ಚಿದ್ರೆ 1ರಿಂದ 10ರವರೆಗೆ ಮುಳ್ಳು ಓಡುತ್ತೆ. ಪ್ರೋಟ್ರೇ ಗುಳಿ ನಾಲ್ಕು ಬೆರಳೂ ಆಳ ಇಲ್ಲ, ಅದರಲ್ಲಿ ಆ ಉದ್ದದ ಕಡ್ಡಿ ನಿಲ್ಲೋದೇ ಇಲ್ಲ, ಕೈಲಿ ಹಿಡ್ಕೊಂಡೇ ನೋಡ್ಬೇಕು. ನೋಡಿದಾಗೆಲ್ಲ 2, 3. ಒಣಗಿದೆ ಅಂತ ನೀರು ಹಾಕ್ದೆ. ಸಂಜೆ ನೋಡಿದ್ರೆ ಮತ್ತೆ 3. ಮತ್ತೆ ಹಾಕ್ದೆ. ಹಿಂಗೇ ಒಂದು ವಾರ, ಎಲೆ ಇನ್ನೂ ಬಾಗ್ತಾ ಹೋಯ್ತು, ಕೆಳಗಿನವು ಹಳದಿ, ಟ್ರೇ ಮೇಲೆ ಸಣ್ಣ ಕಪ್ಪು ನೊಣ ಬೇರೆ. ಅಮ್ಮ ಒಂದು ಸಸಿ ಕಿತ್ತು ಬೇರಿನ ಕೋಕೋಪಿಟ್ (ಮಣ್ಣಿನ ಬದಲು ತುಂಬೋ ತೆಂಗಿನ ನಾರಿನ ಪುಡಿ) ಹಿಂಡಿದ್ರು, ತೊಟತೊಟ ನೀರು ಬಿತ್ತು. "ಇದಕ್ಕೆ ಬಾಯಾರಿಕೆ ಅಂತ ಯಾರು ಹೇಳಿದ್ದು ನಿಂಗೆ?" ಅಂದ್ರು.

ಆಮೇಲೆ ತಲೆ ಕೆಟ್ಟು ಎರಡು ಲೋಟದಲ್ಲಿ ಟೆಸ್ಟ್ ಮಾಡ್ದೆ. ಸಸಿಗೆ ಹಾಕ್ತಿದ್ದ ಮಳೆ ನೀರಲ್ಲಿ ಕಡ್ಡಿ ಅದ್ದಿದ್ರೆ ಮುಳ್ಳು ಅರ್ಧದಲ್ಲೇ ನಿಂತ್ಕೊಳ್ತು. ಬರೀ ನೀರು ಕಣ್ರೀ, ಅದೇ ಅರ್ಧ ಒಣ ಅಂತೆ! ಇನ್ನೊಂದು ಲೋಟದ ಮಳೆ ನೀರಿಗೆ ಚಿಟಿಕೆ ಉಪ್ಪು ಹಾಕಿದ್ದೇ ತಡ, ಮುಳ್ಳು ಕೊನೆಗೆ ಹೋಯ್ತು. ಅಂದ್ರೆ ಇದು ಅಳೆಯೋದು ಕಡ್ಡಿಗಳ ನಡುವೆ ಕರೆಂಟ್ ಎಷ್ಟು ಹರಿಯುತ್ತೆ ಅನ್ನೋದನ್ನ, ಅದು ನೀರಲ್ಲಿರೋ ಉಪ್ಪಿನಂಶದ ಮೇಲೂ ನಿಂತಿರುತ್ತೆ. ನಾನು ಕೋಕೋಪಿಟ್‌ನ ಮೂರು ಸಲ ತೊಳೆದು ಉಪ್ಪು ತೆಗೆದಿದ್ದೆ, ಹಾಕ್ತಿದ್ದಿದ್ದೂ ಮಳೆ ನೀರು, ಮೇಲಿಂದ ಉದುರುದುರು ಕೋಕೋಪಿಟ್ ಕಡ್ಡಿಗೆ ಸರಿಯಾಗಿ ತಾಗಲ್ಲ. ಇನ್ನೆಲ್ಲಿ ಮುಳ್ಳು ಏಳುತ್ತೆ. ಕುಂಡದಲ್ಲಿ ಮಣ್ಣು ಒತ್ತಿ ತುಂಬಿದವರಿಗೆ ಸ್ವಲ್ಪ ಉಪಯೋಗಕ್ಕೆ ಬರ್ಬೋದು. ವಾಪಸ್ ಕಳ್ಸೋಣ ಅಂದ್ರೆ ರಿಟರ್ನ್ ಡೇಟೂ ಮುಗಿದಿತ್ತು.

ಇನ್ನು ಆಪ್, ಎಲೆ ಫೋಟೋ ನೋಡಿ ಗಿಡದ ಕಾಯಿಲೆ ಹೇಳೋದು. ಅದು ಫ್ರೀ. ಒಂದೇ ಗಿಡಕ್ಕೆ ಬೆಳಿಗ್ಗೆ ಫೋಟೋಗೆ ವೈರಸ್ ಅಂತು, ಸಂಜೆ ಫೋಟೋಗೆ ಕ್ಯಾಲ್ಸಿಯಂ ಕೊರತೆ ಅಂತು.

ಲೆನ್ಸು 10 ಪಟ್ಟು ದೊಡ್ಡದಾಗಿ ತೋರಿಸೋ ಮಡಚೋ ಲೆನ್ಸು. ಮೆಣಸಿನ ಸಸಿ ಕೆಳಗೆ ಬಿಳಿ ಪೇಪರ್ ಹಿಡಿದು ಎಲೆ ತಟ್ಟಿದೆ, ಏನೋ ಧೂಳು ಬಿತ್ತು ಅಂದ್ಕೊಂಡ್ರೆ ಧೂಳು ನಡೀತಿತ್ತು! ಲೆನ್ಸಲ್ಲಿ ನೋಡಿದ್ರೆ ತೆಳು ಹಳದಿ, ಉದ್ದುದ್ದ, ಥ್ರಿಪ್ಸ್ ಅನ್ನೋ ಎಲೆ ರಸ ಹೀರೋ ಪುಟ್ಟ ಹುಳ. ಕಟ್ಟಿನಕೆರೆ ಮಾರ್ಕೆಟಿಂದ ಪೂಜೆಗೆ ತಂದ ಸೇವಂತಿಗೆನ ಅದೇ ಕಟ್ಟೆ ಮೇಲೆ ಇಡ್ತಿದ್ವಿ, ಬಹುಶಃ ಅದರಲ್ಲೇ ಬಂದಿರ್ಬೇಕು. ಟೊಮೇಟೊನೂ ತಟ್ಟಿದೆ, ಏನೂ ಬೀಳ್ಲಿಲ್ಲ. ಒಂದೇ ಟ್ರೇ, ಎರಡು ಕಾಯಿಲೆ.

ಲೆನ್ಸಿಗೂ ಮಿತಿ ಇದೆ. ಎಲೆ ಕೆಳಮುಖವಾಗಿ ಮುದುಡಿಸೋ ಮೈಟ್ ನುಸಿ ಇನ್ನೂ ಚಿಕ್ಕದು, 10 ಪಟ್ಟಿಗೆ ಕಂಡೂ ಕಾಣದ ಹಾಗೆ. ವೈರಸ್ ಅಂತೂ ಕಾಣೋದೇ ಇಲ್ಲ, ಅದನ್ನ ಹರಡೋ ಬಿಳಿ ನೊಣ ಇದ್ಯಾ ಅಂತ ಎಲೆ ಹಿಂದೆ ಹುಡುಕ್ಬೋದು ಅಷ್ಟೇ. ಡೌಟ್ ಇದ್ರೆ ಸಸಿನ ಕವರಲ್ಲಿ ಹಾಕ್ಕೊಂಡು ಕಂದಲಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗೋದು ವಾಸಿ.

ನಂಗೆ ಟೈಮ್ ಸಿಗೋದು ಬೆಳಿಗ್ಗೆ ಕಾಫಿ ಕುಡಿಯೋ ಹತ್ತು ನಿಮಿಷ. ಅಷ್ಟರಲ್ಲಿ ನಾಲ್ಕು ಸಸಿ ತಟ್ಟಿ ನೋಡ್ಬೋದು. ನೀರಿಗಾದ್ರೆ ಟ್ರೇ ಎತ್ತಿ ನೋಡ್ತೀನಿ, ಹಗುರ ಇದ್ರೆ ಮಾತ್ರ ಹಾಕೋದು, ಅದಕ್ಕೆ ಕಾಸೂ ಬೇಡ.

ಟೊಮೇಟೊಗೆ ನಾಲ್ಕು ದಿನ ನೀರು ನಿಲ್ಲಿಸಿದೆ, ಹೊಸ ಎಲೆ ನೆಟ್ಟಗೆ ಬಂತು. ಮೆಣಸಿನದಕ್ಕೆ ಎಲೆ ಹಿಂಭಾಗ ತೊಳೆದು, ಲೀಟರಿಗೆ 3 ಎಂಎಲ್ ಬೇವಿನೆಣ್ಣೆ, ಎರಡು ಹನಿ ಸೋಪು ಸೇರಿಸಿ ಸಂಜೆ ಹೊತ್ತು ಹೊಡೀತಿದೀನಿ. ಮುದುಡಿದ ಹಳೇ ಎಲೆ ಹಂಗೇ ಇದಾವೆ, ಆರು ಸಸಿ ಮಾತ್ರ ಇನ್ನೂ ಬೇರೆ ರೂಮಲ್ಲಿ. ಸೇವಂತಿಗೆ ಈಗ ನೇರ ದೇವರ ಮನೆಗೆ.